ಚೀಟಿಯ ಹಿಂಬದಿ

ಮೀನು ಹರಾಜಿನ ಚೀಟಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.
ಮುಂಬದಿಯಲ್ಲಿ ಬಂಗಡೆ, ಹನ್ನೊಂದು ಬುಟ್ಟಿ,
ಪಂಢರಿಯ ಎಣ್ಣೆಗೈಯ ಹೆಬ್ಬೆಟ್ಟು.
ಹಿಂಬದಿಯಲ್ಲಿ: ಪ್ರೊಸೆಸರ್, ಹದಿನಾರು ಕೋರ್.

"ಹದಿನಾರು ಸಿಲಿಂಡರಾ?" ಅಂದ,
ಬೈತಖೋಲದ ಧಕ್ಕೆಯಲ್ಲಿ ಇಪ್ಪತ್ತೆರಡು ವರ್ಷ
ದೋಣಿ ಎಂಜಿನ್ನುಗಳ ಹೊಟ್ಟೆಗೆ ಕೈಹಾಕಿದವನು,
ನನ್ನ ಅಕ್ಕನ ಗಂಡ.
ಹೆಚ್ಚುಕಡಿಮೆ ಹಾಗೇ, ಅಂದೆ.
"ಕುಡಿಯೋದು ಎಷ್ಟು?"
ಏಳುನೂರೈವತ್ತು ವಾಟ್ ಸಾಕಂತೆ.
"ಸಾಕು ಅಂದ್ರೆ ಸಾಲದು ಅಂತ ಅರ್ಥ, ಮಾರಾಯ್ತಿ.
ಒಂದು ಮೆಟ್ಟಿಲು ಮೇಲಿಂದು ತಗೋ."
ಎಂಟುನೂರೈವತ್ತು ಎಂದು ತಿದ್ದಿದೆ.

ಹುಬ್ಬಳ್ಳಿಯ ಮಠಪತಿ ಫೋನಿನಲ್ಲಿ
ಗ್ರಾಫಿಕ್ಸ್ ಕಾರ್ಡಿನ ಗುಣಗಾನ ಮಾಡುತ್ತಾನೆ,
ಸಂಬಂಧ ಕುದುರಿಸುವ ದಲ್ಲಾಳಿಯ ಹಾಗೆ.
ಹದಿನಾರು ಜಿಬಿ ಮೇಡಂ, ಮೂರು ಫ್ಯಾನು,
ಬಣ್ಣಬಣ್ಣದ ದೀಪ ಬ್ಯಾರೆ,
ಮೂರು ತಾಸಿನ ಮದುವಿ ನಲವತ್ತು ನಿಮಿಷದಾಗ ಹೊರಗ.
ದೀಪ ಬೇಡ ಎಂದೆ.
ಬೆಲೆ ಕೇಳಿದ ಮೇಲೆ ಸ್ವಲ್ಪ ಹೊತ್ತು
ಕಾಳಿ ಹೊಳೆಯ ಕಡೆ ನೋಡಿದೆ.
ಮರಳಿನ ದೋಣಿಯೊಂದು
ಅಂಚಿನವರೆಗೆ ಮುಳುಗಿ ಹೋಗುತ್ತಿತ್ತು.

ಕೋಡಿಬಾಗದಲ್ಲಿ, ಗೋಡಂಬಿ ಅಂಗಡಿಯ ಮೇಲೆ ನನ್ನ ಸ್ಟುಡಿಯೋ.
ಇಲ್ಲಿಯ ಗಾಳಿಗೆ ಹಲ್ಲಿದೆ.
ಬಾಗಿಲ ಚಿಲಕ, ಟ್ರೈಪಾಡಿನ ತಿರುಪು,
ನನ್ನ ಕಿವಿಯೋಲೆಯ ಕೊಕ್ಕೆ,
ಎಲ್ಲದರ ರುಚಿ ನೋಡಿದೆ.
ಆಷಾಢದಲ್ಲಿ ಹಾರ್ಡ್ ಡಿಸ್ಕಿನದೂ.

ತೊಂಬತ್ತಮೂರು ಶೇಕಡದಲ್ಲಿ ನಿಂತಿತು ಹಸಿರು ಪಟ್ಟಿ.
ನೆಲ್ಸನ್ ಕೀಬೋರ್ಡಿನ ಮುಂದೆ ಶಿಲುಬೆ ಗುರುತು ಮಾಡಿಕೊಂಡ.
ಒಳಗಿಂದ ಟಿಕ್, ಟಿಕ್,
ಏಡಿ ಪಾತ್ರೆಯ ಗೋಡೆ ಹತ್ತುವ ಹಾಗೆ.
ಆಮೇಲೆ ಅದೂ ಇಲ್ಲ.

ಬಿಣಗಾದ ಮದುವೆ ಅದು.
ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ
ಅಮದಳ್ಳಿಯ ನಿಶ್ಚಿತಾರ್ಥಕ್ಕೆ ಒಯ್ದಾಗಿತ್ತು.
ಎರಡನೇ ಕ್ಯಾಮೆರಾದ್ದು ನೆಲ್ಸನ್‌ನ ಲ್ಯಾಪ್‌ಟಾಪಿನಲ್ಲಿತ್ತು:
ಧಾರೆ ಸಿಕ್ಕಿತು, ಊಟದ ಪಂಕ್ತಿ ಸಿಕ್ಕಿತು,
ಮದುಮಗನ ಮಾವ ಮೈಕಿಗಾಗಿ ಜಗಳಾಡಿದ್ದು ಪೂರ್ತಿ ಸಿಕ್ಕಿತು.
ಸಿಗದ್ದು ಹದಿನೇಳು ಸೆಕೆಂಡು.
ಹುಡುಗಿಯ ಅಜ್ಜಿ ಚಂದ್ರಭಾಗಿ
ಅಕ್ಷತೆಯನ್ನು ಜೋಡಿಗೆ ಹಾಕದೆ, ಪಕ್ಕನೆ ತಿರುಗಿ
ನನ್ನ ಲೆನ್ಸಿಗೆ ಎಸೆದು ನಕ್ಕದ್ದು.
ಟಿಪ್ಪಣಿಯಲ್ಲಿ ನಾನೇ ಬರೆದಿದ್ದೆ:
ಫೋಕಸ್ ಇಲ್ಲ, ಕತ್ತರಿಸು.

ಶ್ರಾವಣದಲ್ಲಿ ಅಜ್ಜಿ ಹೋದರು.
ಹದಿನಾಲ್ಕನೆಯ ದಿನ ಆ ಹುಡುಗಿ ಮೆಟ್ಟಿಲು ಹತ್ತಿ ಬಂದಳು.
"ಅಕ್ಕಾ, ಅಜ್ಜಿ ನಿಮಗೆ ಅಕ್ಕಿ ಹೊಡೆದದ್ದು ಇದೆಯಲ್ಲ,
ಅದೊಂದು ಕೊಡಿ. ಬೇರೆಲ್ಲ ನಿಧಾನ ಆದ್ರೂ ಅಡ್ಡಿ ಇಲ್ಲ."
ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಇರಲಿ, ಚೀಟಿ.
ಮೂರು ಫ್ಯಾನಿನ ಕಾರ್ಡಿನ ಮೇಲೆ ಗೆರೆ ಎಳೆದೆ.
ಒಂದು ದರ್ಜೆ ಕೆಳಗಿನದು ಬರಲಿ.
ಮದುವೆ ರಾತ್ರಿಯಿಡೀ ಬೇಯಲಿ;
ಕುಚ್ಚಲಕ್ಕಿಗೆ ಅವಸರ ಮಾಡಿದರೆ ಆಗುತ್ತದೆಯೇ?
ಉಳಿದ ಹಣಕ್ಕೆ ಡಿಸ್ಕುಗಳು:
ಒಂದು, ಅದರ ನೆರಳಾಗಿ ಇನ್ನೊಂದು,
ಮೂರನೆಯದು ಅಕ್ಕನ ಮನೆಯ ಕಪಾಟಿಗೆ,
ಬಿಸ್ಕತ್ತಿನ ಡಬ್ಬಿಯಲ್ಲಿ, ತೇವ ಹೀರುವ ಪುಟ್ಟ ಚೀಲಗಳ ಜೊತೆ.
ರ‍್ಯಾಮ್ ಅರವತ್ತನಾಲ್ಕು.
ಯುಪಿಎಸ್ ದೊಡ್ಡದೇ, ನಮ್ಮ ಕರೆಂಟನ್ನು ನೆನೆದು.
ಕ್ಯಾಬಿನೆಟ್ಟಿಗೆ ಗಾಜಿನ ಪಕ್ಕೆ ಬೇಡ, ಬಲೆ ಬೇಕು,
ತೊಳೆದು ಒಣಗಿಸಿ ಮತ್ತೆ ಸಿಕ್ಕಿಸುವಂಥದು.
"ಬಲೆ ನಾನು ಕೊಡ್ತೆ, ಸೀಗಡಿಯದ್ದು," ಎಂದ ಪಂಢರಿ.
ತಮಾಷೆಯಲ್ಲ. ಅಳತೆಗೆ ಆಗಲೇ ಗೇಣು ಹಾಕಿದ್ದ.

ಮಠಪತಿಗೆ ಬೇಜಾರು:
"ಕಾರ್ಡು ಸಣ್ಣದ ಮಾಡಿದ್ರಲ್ರೀ ಮೇಡಂ?"
ಹೂಂ. ರಾತ್ರಿ ಬಸ್ಸಿಗೆ ಹಾಕಿ.
ಅರಬೈಲು ಘಟ್ಟದಲ್ಲಿ ತಿರುವು ಬಹಳ,
ಥರ್ಮಾಕೋಲ್ ಜಾಸ್ತಿ ಇರಲಿ.

ಚೀಟಿ ಮಡಚಿದರೆ ಬೆರಳಿಗೆಲ್ಲ ಬಂಗಡೆ.
ನೆಲ್ಸನ್ ಲೆನ್ಸ್ ಹುಡ್ಡನ್ನು ಬ್ರಶ್ಶಿನಿಂದ ಕೆದಕುತ್ತ
"ಇದು ನೋಡಿ" ಎಂದು ಅಂಗೈ ಚಾಚಿದ:
ಅರಿಸಿನದ ಒಂದು ಅಕ್ಕಿಕಾಳು.
ಯಾವ ಮದುವೆಯದೋ.
ನಾನೂರಕ್ಕೆ ಕಡಿಮೆಯಿಲ್ಲ ನಾನು ಮಾಡಿದ ಮದುವೆಗಳು.

"ಎಂಜಿನ್ ಯಾವತ್ತು ಇಳೀತದೆ?" ಪಂಢರಿ ಕೇಳುತ್ತಾನೆ.
ಗುರುವಾರ.